ನಾರಾಯಣಮ್ಮ ಕಟ್ಟಿದ ದಾರ

ಬಸ್ಸು ಹೆಬ್ಬಾಳದ ಫ್ಲೈಓವರ್ ಏರಿದರೆ ಸಾಕು, ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುವ ಮನುಷ್ಯ ನಮ್ಮ ಬ್ಯಾಟರಾಯಪ್ಪ. ಅಂಥವನು ಬಾಗಲಗುಂಟೆಯ ತನ್ನ ಶೆಡ್ಡಿನಲ್ಲಿ ಕೂತು ಹೊಲಿಯುವುದು ಏನನ್ನು? ವಿಮಾನದಿಂದ ಧುಮುಕುವವರು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟ್ ಚೀಲವನ್ನು. ಅದಕ್ಕೆ ಕಂಟೇನರ್ ಅನ್ನಬೇಕು. ಚೀಲ ಅಂದವರಿಗೆ ಆ ಮನೆಯಲ್ಲಿ ಕಾಫಿ ಇಲ್ಲ. ನನಗೇ ಎರಡು ಸಲ ತಪ್ಪಿದೆ.

ಶೆಡ್ಡಿಗೆ ಹೋದವರ ಹೆಗಲಿಗೆಲ್ಲ ಅದನ್ನು ಏರಿಸಿ ಪಾಠ ಶುರು ಮಾಡುತ್ತಾನೆ. "ದೊಡ್ಡ ಪ್ಯಾರಾಚೂಟ್ ಕೈಕೊಟ್ರೆ ಬಲಗಡೆ ಹ್ಯಾಂಡಲ್ ಎಳಿ, ಅದು ಕಳಚ್ಕೊಂಡ್ ಹೋಗ್ತದೆ. ಆಮೇಲೆ ಎಡಗಡೇದು. ರಿಸರ್ವ್, ಅಂದ್ರೆ ಎರಡ್ನೇ ಪ್ಯಾರಾಚೂಟ್, ಬಿಚ್ಕೊಳ್ತದೆ. ನೋಡು, ಹಿಡಿ, ಕೈ ಪೂರ್ತಿ ಚಾಚೋವರ್ಗೂ ಎಳಿ. ಜೀವ ಉಳ್ಸೋದು ಎಡಗಡೇದೇ ಕಣೋ!" ಹಾಲಿನವನಿಗೂ ಈ ಪಾಠ ಆಗಿದೆ. ಹೆಂಡತಿ ನಾರಾಯಣಮ್ಮನಿಗಂತೂ ಬಾಯಿಪಾಠ.

ಎಡವಟ್ಟಾಗಿದ್ದು ಅಲ್ಲೇ. ಆಯುಧಪೂಜೆಯ ದಿನ ಹೊಲಿಗೆ ಮೆಷಿನ್ನು, ಕತ್ತರಿ, ಪಕ್ಕದ ಮನೆಯವನಾದ ನನ್ನ ಸ್ಕೂಟರು, ಎಲ್ಲಕ್ಕೂ ಕುಂಕುಮ ಬಿತ್ತು. ಯಲಹಂಕದ ಸಂಯುಕ್ತಾ ರಿಪೇರಿಗೆ ಕೊಟ್ಟಿದ್ದ ಕಂಟೇನರ್ ಅಲ್ಲೇ ಇತ್ತು. ಆ ಹುಡುಗಿ ಆ ಭಾನುವಾರವೇ ಧುಮುಕುವವಳಿದ್ದಳು. ಮರುದಿನ ಬಂದಳು. ಒಳಗೆ ಇನ್ನೂ ಪ್ಯಾರಾಚೂಟ್ ಮಡಚಿಟ್ಟಿರಲಿಲ್ಲ. ಬ್ಯಾಟರಾಯಪ್ಪ ಅದನ್ನು ಅವಳಿಗೆ ತೊಡಿಸಿ, ಯಾವತ್ತಿನಂತೆ "ರಿಸರ್ವ್!" ಎಂದು ಕೂಗಿದ.

ಅವಳು ಬಗ್ಗಿ ನೋಡಿದಳು. ಹ್ಯಾಂಡಲ್ ಇರಬೇಕಾದ ಕಡೆ ಚೆಂಡುಹೂವಿತ್ತು. ಹಿಡಿದು ಎಳೆದಳು. ಹೂವು ಕೈಗೆ ಬಂತು, ಹ್ಯಾಂಡಲ್ ಬರಲಿಲ್ಲ. ಅದನ್ನು ಎದೆಯ ಪಟ್ಟಿಗೆ ಸೇರಿಸಿ ಅರಿಶಿನದ ದಾರ ಮೂರು ಸುತ್ತು ಸುತ್ತಿ, ಯಾರೋ ಗಂಟು ಹಾಕಿದ್ದರು.

"ಯಾವನ್ ಕಟ್ಟಿದ್ದು ಇದ್ನ?" ಎಂದು ಗುಡುಗಿದ ಬ್ಯಾಟರಾಯಪ್ಪ.

"ನಾನೇ ಕಣ್ರೀ," ಎಂದಳು ನಾರಾಯಣಮ್ಮ. "ಜೀವ ಉಳ್ಸೋದು ಅದೇ ಅಂತ ನೀವೇ ಹೇಳಿದ್ರಲ್ಲ. ಭದ್ರವಾಗಿರ್ಲಿ ಅಂತ..."

ಹೇಳುತ್ತಲೇ ಅವಳಿಗೆ ಅರ್ಥವಾಯಿತು. "ಅಯ್ಯೋ, ಮಗು ಮೇಲಿಂದ ಬೀಳೋವಾಗ ಇಂಗೇ ಆಗಿದ್ರೆ?" ಎಂದು ಅತ್ತುಬಿಟ್ಟಳು. ಊರಿಗೆಲ್ಲ ರೇಗುವ ಬ್ಯಾಟರಾಯಪ್ಪ, ಯಾರಿಗೂ ಮುಟ್ಟಗೊಡದ ತನ್ನ ಕತ್ತರಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅವಳೇ ದಾರ ಕತ್ತರಿಸಿದಳು. ಆಮೇಲೆ ಸಂಯುಕ್ತಾಳಿಂದ ಇಪ್ಪತ್ತು ಸಲ ಎಳೆಸಿದ. ಇಪ್ಪತ್ತು ಸಲವೂ ಬಂತು. ಹಾಗಿದ್ದೂ ಭಾನುವಾರ ಗಂಡ ಹೆಂಡತಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ, ನನ್ನನ್ನೂ ಉಣ್ಣಗೊಡಲಿಲ್ಲ.

ಸಂಜೆ ಸಂಯುಕ್ತಾ ಮೈದಾನದಿಂದ ನೇರ ಇಲ್ಲಿಗೇ ಬಂದಳು. ಕೈಯಲ್ಲಿ ಅದೇ ಎಡಗಡೆ ಹ್ಯಾಂಡಲ್.

"ದೊಡ್ಡದು ತಿರುಚ್ಕೊಂಡ್ಬಿಡ್ತು ಅಂಕಲ್. ನೋಡ್ದೆ, ಹಿಡ್ದೆ, ಎಳ್ದೆ."

ಬ್ಯಾಟರಾಯಪ್ಪ ನಿಂತಲ್ಲೇ ಕೂತ. ನಾರಾಯಣಮ್ಮ ಅವಳ ಕೆನ್ನೆ ಸವರಿ, ಹ್ಯಾಂಡಲ್ ಇಸಿದುಕೊಂಡು ದೇವರ ಗೂಡಿನ ಮುಂದೆ ಹೋದಳು.

"ರೀ, ಮಗೂಗೆ ಹೊಸದು ಮಾಡ್ಕೊಡಿ. ಇದು ಇನ್ಮೇಲೆ ಎಲ್ಲೂ ಹೋಗಲ್ಲ," ಎಂದು ಅದನ್ನು ಗೂಡಿನ ಮೊಳೆಗೆ ಸೇರಿಸಿ, ಅರಿಶಿನದ ದಾರ ಮೂರು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.