ಕೂತಲ್ಲೇ ಓಡುತ್ತಿದ್ದ ಎದೆ

ಮೊದಲು ನಡುಗಿದ್ದು ಬೆರಳು.

ಸೋಲಾಪುರದ ನಮ್ಮ ಸೀರೆ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಸೆರಗು ಬಿಚ್ಚಿ ತೋರಿಸುತ್ತಿದ್ದೆ. ಸೆರಗು ಗಾಳಿಗೆ ಸಿಕ್ಕಂತೆ ಅಲುಗಿತು. ಫ್ಯಾನು ಬಂದ್ ಆಗಿತ್ತು.

ಬಿಸಿಲಿನ ದಣಿವು ಅಂದುಕೊಂಡೆ. ಮಳೆಗಾಲ ಬಂದರೂ ಬೆವರು ನಿಲ್ಲಲಿಲ್ಲ. ಇಬ್ಬರ ಊಟ ಒಬ್ಬಳೇ ಮಾಡುತ್ತಿದ್ದೆ, ಆದರೂ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮಲಗಿದರೆ ಎದೆ ಓಡುತ್ತಿತ್ತು. ಕೂರಲಾಗದು. ನಿಲ್ಲಲಾಗದು. ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ, ಗಂಡ ಮಲ್ಲಣ್ಣ ಯಾಕೆಂದು ಕೇಳಿದರೆ ಗಿರಾಕಿಗಳ ಎದುರೇ ಸಿಡುಕುತ್ತಿದ್ದೆ. ತವರೂರು ನಾಗಣಸೂರಿನಿಂದ ಬಂದ ಅವ್ವ ದೃಷ್ಟಿ ತೆಗೆದು, ಬೀರೋಬಾ ದೇವರ ಅರಿಶಿನ ಭಂಡಾರ ಹಚ್ಚಿದಳು. ಅವಳ ಕೈ ಹಣೆಯ ಮೇಲಿದ್ದಷ್ಟು ಹೊತ್ತು ಮಾತ್ರ ಸುಮ್ಮನೆ ಕೂತಿದ್ದೆ.

ಒಂದು ದಿನ ಮನೆಯ ಮೆಟ್ಟಿಲ ನಡುವೆ ತೊಡೆಗಳು ಸೋತುಬಿಟ್ಟವು.

ಹೈಪರ್‌ಥೈರಾಯ್ಡ್ ಎಂದರು ಡಾಕ್ಟರ್. ಕುತ್ತಿಗೆಯಲ್ಲಿರುವ ಗ್ರಂಥಿಯೊಂದು ಅಳತೆ ಮೀರಿ ಕೆಲಸ ಮಾಡುತ್ತಿದೆ, ಅದಕ್ಕೇ ದೇಹ ನಿಂತಲ್ಲೇ ಓಡುತ್ತಿದೆ, ಸ್ನಾಯುಗಳನ್ನೂ ಕರಗಿಸುತ್ತಿದೆ ಎಂದು ಮರಾಠಿಯಲ್ಲಿ ಸಾವಧಾನವಾಗಿ ತಿಳಿಸಿದರು. ಗುಣವಾಗಬಹುದು, ಮರಳಿ ಬರಲೂಬಹುದು. ನನ್ನ ಕಿವಿಗೆ ಬಿದ್ದದ್ದು ಕಡೆಯ ಮಾತು ಮಾತ್ರ.

ಮಾತ್ರೆಗಳಿಂದ ಚಳಿಗಾಲದ ಹೊತ್ತಿಗೆ ಬ್ಲಡ್ ರಿಪೋರ್ಟ್ ನೆಟ್ಟಗಾಯಿತು. ನಡೆಯಿರಿ, ಕಾಲಿಗೆ ಬಲ ಬರಲಿ ಎಂದರು ಡಾಕ್ಟರ್. ಆದರೆ ನನ್ನ ಬೆರಳು ಹಗಲಿಡೀ ಮಣಿಕಟ್ಟಿನ ನಾಡಿಯ ಮೇಲೇ ಇರುತ್ತಿತ್ತು. ಪಕ್ಕದ ಓಣಿಯ ಗೆಳತಿ ಶೋಭಾ ಅದನ್ನು ನೋಡಿದಳು. ಅವಳು ಒಂದು ಗುಡ್ಡ ಹತ್ತುವ ಗುಂಪಿನಲ್ಲಿದ್ದಳು. ಮಳೆ, ಚಳಿ ಎನ್ನದೆ ಭಾನುವಾರಗಳಲ್ಲಿ ತುಳಜಾಪುರದ ಕಡೆಯ ಬಾಲಾಘಾಟ್ ಗುಡ್ಡಗಳಿಗೆ ಹೋಗುವವರು ಅವರು. ನೀನೂ ಬಾ ಎಂದಳು.

ಮಲ್ಲಣ್ಣನಿಗೆ ಸೇರಲಿಲ್ಲ. "ಮನ್ಯಾಗಿನ ಜಿನಾದ ಮೆಟ್ಟಲ ಹತ್ತಾಕ ಆಗವಲ್ದು, ಡೋಂಗರ ಹತ್ತಾಕ ಹೊಂಟಿ?"

ಹೋದೆ. ಹಟದಿಂದ.

ಒಣಹುಲ್ಲಿನ ಏರು ಶುರುವಾಗುತ್ತಲೇ ಎದೆ ಓಡತೊಡಗಿತು. ಬೆವರು. ನಡುಗುವ ತೊಡೆ. ಎಲ್ಲವೂ ಅದೇ. ಒಂದು ಬಂಡೆಗೆ ಒರಗಿ ಕುಸಿದೆ. ರೋಗ ಮರಳಿ ಬಂತು, ಊರಿಗೆ ಒಯ್ಯಿರಿ ಎಂದೆ. ಮುಂದೆ ಹೋಗಿದ್ದವರೆಲ್ಲ ಇಳಿದು ಬಂದು ಸುತ್ತ ಕೂತರು. ಯಾರೂ ಅವಸರ ಮಾಡಲಿಲ್ಲ. ಒಬ್ಬರು ಶೇಂಗಾ ಚಟ್ನಿ ಹಚ್ಚಿದ ಕಡಕ್ ಜೋಳದ ಭಕ್ರಿ ಮುರಿದು ಹಂಚಿದರು.

ಶೋಭಾ ನನ್ನ ಕೈ ಎಳೆದು ತನ್ನ ಎದೆಯ ಮೇಲಿಟ್ಟುಕೊಂಡಳು. ಅದೂ ಹಾಗೆಯೇ ಓಡುತ್ತಿತ್ತು.

"ನನಗೇನ್ ಬ್ಯಾನಿ ಐತೇನ? ಡೋಂಗರ ಹತ್ತಿದ್ರ ಎದಿ ಓಡಬೇಕ. ಕುಂತ ನೋಡು, ಇಳಿತೈತಿ."

ನಂಬಲಿಲ್ಲ. ಇಳಿದುಬಿಟ್ಟೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಆದರೂ ಮುಂದಿನ ಭಾನುವಾರ ಮನೆಯಲ್ಲಿರಲು ಆಗಲಿಲ್ಲ. ಹೋದೆ, ಅರ್ಧಕ್ಕೆ ಮರಳಿದೆ. ಮತ್ತೆ ಹೋದೆ. ಬೇಸಿಗೆಯಲ್ಲಿ ಗುಂಪು ಗುಡ್ಡ ಬಿಟ್ಟು, ನಸುಕಿಗೇ ಹೊರಟು ಕುರನೂರ ಡ್ಯಾಮಿನ ಏರಿಯ ಮೇಲೆ ನಡೆಯುತ್ತಿತ್ತು. ಆಗಲೇ ರಿಪೋರ್ಟ್ ಮತ್ತೆ ಕೆಟ್ಟಿತು.

ಡಾಕ್ಟರ್ ಮಾತ್ರೆ ಹೆಚ್ಚಿಸಿದರು. ಗುಡ್ಡ ಹತ್ತಿದ್ದರಿಂದಲ್ಲ, ಈ ರೋಗದ ಸ್ವಭಾವವೇ ಹೀಗೆ ಎಂದರು. ಹೊಸ ರಿಪೋರ್ಟ್ ಬರುವವರೆಗೆ ನಡಿಗೆ ಬಂದ್. ಆ ಬೇಸಿಗೆ ನಾನು ಮನೆಯವರಿಗೆಲ್ಲ ಕಷ್ಟ ಕೊಟ್ಟೆ. ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತಿದ್ದವಳನ್ನು ನೋಡಿ ಮಲ್ಲಣ್ಣ ಒಂದು ದಿನ ಮೆಲ್ಲಗೆ ಹೇಳಿದ, "ಈ ಸಲ ಡಾಕ್ಟರ್ ಹೂಂ ಅಂದ್ರ, ನಾನೂ ಬರ್ತೀನಿ."

ಮಳೆಗಾಲದಲ್ಲಿ ಡಾಕ್ಟರ್ ಒಪ್ಪಿದರು. ಮಲ್ಲಣ್ಣ ಹೊಸ ಬೂಟು ಹಾಕಿ ಬಂದ.

ಗುಡ್ಡ ಹಸಿರಾಗಿತ್ತು, ಕೆಂಪು ಕೆಸರು ಕಾಲು ಹಿಡಿಯುತ್ತಿತ್ತು. ಮೊದಲ ಸಲ ತುದಿ ಮುಟ್ಟಿದೆ. ಮಲ್ಲಣ್ಣ ಕೂತು ಏದುಸಿರು ಬಿಡುತ್ತಿದ್ದ. ನನ್ನ ಎದೆಯೂ ಹುಚ್ಚೆದ್ದು ಓಡುತ್ತಿತ್ತು. ಇಳಿದು ಓಡಬೇಕೆನ್ನಿಸಿತು. ಓಡಲಿಲ್ಲ. ತುಂತುರಿನಲ್ಲಿ ನಿಂತು ಕಾದೆ.

ಸ್ವಲ್ಪ ಹೊತ್ತಿಗೆ ಎದೆಯ ಓಟ ತಾನಾಗಿಯೇ ಇಳಿಯಿತು.

ಮಾತ್ರೆ ಇನ್ನೂ ಇದೆ. ಪ್ರತಿ ರಿಪೋರ್ಟಿಗೆ ಮುಂಚೆ ಬೆರಳು ಮತ್ತೆ ನಾಡಿಯ ಮೇಲೆ ಹೋಗುತ್ತದೆ. ಸುಮ್ಮನೆ ಕೂರುವುದು ಈಗಲೂ ಪೂರ್ತಿ ಬಂದಿಲ್ಲ. ಆದರೆ ಅಂದು ಅಲ್ಲಿ, ಒದ್ದೆ ಬಂಡೆಯ ಮೇಲೆ ಗಂಡನ ಪಕ್ಕ ಕೂತೆ. ಕೆಳಗೆ ಮೋಡದ ನೆರಳು ಹೊಲ ದಾಟುತ್ತಿತ್ತು. ಹೊರಡೋಣವೇ ಎಂದು ಅವನು ಕೇಳಿದ.

"ಥಾಂಬ್, ಇನ್ನೊಂದೀಟ ಕುಂದ್ರೂಣು" ಎಂದೆ.