ಬೋರಲು ಕೊಡದ ಸರದಿ

ಬುಧವಾರ ಬೆಳಿಗ್ಗೆ ಬೀದರಿನ ಮೈಲೂರಿನಲ್ಲಿ ಮೀರಾಬಾಯಿ ಕಂಪ್ಯೂಟರಿನ ಗುಂಡಿ ಒತ್ತಿ ಒಲೆಯ ಮುಂದೆ ಕುಳಿತರು. ಹಿಂದಿನ ವಾರದವರೆಗೆ ವಿಂಡೋಸ್ ಏಳುವಷ್ಟರಲ್ಲಿ ನಾಲ್ಕು ರೊಟ್ಟಿ ಬೇಯುತ್ತಿದ್ದವು. ಅಂದು ಮೊದಲ ರೊಟ್ಟಿ ಮಗುಚುವ ಮುನ್ನವೇ ಪರದೆ ಸಿದ್ಧವಾಗಿತ್ತು.

"ಮಷಿನ್ ಚುರುಕ ಆಯ್ತು, ರೊಟ್ಟಿ ಕರ್ರಗ ಆಗ್ಲತ್ತಾವ" ಎಂದರು ಅತ್ತೆ ಶೇವಂತಾಬಾಯಿ.

ಔರಾದಿನಲ್ಲಿ ಹುಟ್ಟಿ ಬೆಳೆದ ಮೀರಾಬಾಯಿ ಭಾಲ್ಕಿಯ ತರಬೇತಿ ಕೇಂದ್ರವೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. 2016ರ ಆ ಬೇಸಿಗೆಯಲ್ಲಿ ಅವರ ಓಣಿಗೆ ಮೂರು ದಿನಕ್ಕೊಂದು ನೀರಿನ ಟ್ಯಾಂಕರ್ ಬರುತ್ತಿತ್ತು. ಕೊಡಗಳ ಸಾಲಿನಲ್ಲಿ ಜಗಳ ಹೆಚ್ಚಿದಾಗ ಚಾಲಕ ಅಯ್ಯುಬ ಖಡಾಖಂಡಿತವಾಗಿ ಹೇಳಿದ್ದರು: "ಇನ್ನೊಂದ ಸಲ ಝಗಡಾ ಆದ್ರ ಗಾಡಿ ದೊಡ್ಡ ರಸ್ತಾದಾಗೇ ನಿಂದರ್ತದ ನೋಡ್ರಿ." ದೊಡ್ಡ ರಸ್ತೆ ಅರ್ಧ ಕಿಲೋಮೀಟರ್ ದೂರ. ಸೊಸೆ ಭಾಲ್ಕಿಗೆ ಹೋದ ಮೇಲೆ ನೀರು ತರುತ್ತಿದ್ದವರು ಮೊಣಕಾಲು ನೋವಿನ ಶೇವಂತಾಬಾಯಿ. ಶುಕ್ರವಾರದ ಟ್ಯಾಂಕರಿಗೆ ಮೊದಲು ಸರದಿ ಪಟ್ಟಿ ಮಾಡುವ ಪ್ರೋಗ್ರಾಂ ಬರೆಯಲು ಓಣಿಯವರು ಕೇಳಿದಾಗ ಮೀರಾಬಾಯಿ ಒಪ್ಪಿದರು.

ಹಳೆಯ ಯಂತ್ರ, ಒಂದೇ ಜಿಬಿ ಮೆಮೊರಿ, ಗಳಿಗೆಗೊಮ್ಮೆ ಹೋಗುವ ಕರೆಂಟು. ಸಹೋದ್ಯೋಗಿ ಮಚ್ಛೇಂದ್ರ ವಿಂಡೋಸ್ ಬದಲಿಗೆ ಹಾಕಲು ಪೆನ್ ಡ್ರೈವ್‌ನಲ್ಲಿ ಲಿನಕ್ಸ್ ತಂದುಕೊಟ್ಟರು. "ಹಳಿ ಎತ್ತಿಗಿ ಹಗುರ ನೊಗ ಇದ್ದಂಗ ಅಕ್ಕಾ, ಹಾಕಿ ನೋಡ್ರಿ." ಆದರೆ ಪ್ರೋಗ್ರಾಂ ಬರೆಯಲು ಕೇಂದ್ರದಲ್ಲಿ ಬಳಸುತ್ತಿದ್ದ ಎಡಿಟರ್ ಅದರಲ್ಲಿ ನಡೆಯಲಿಲ್ಲ. ಬದಲಿಗೆ ಹಾಕಿಕೊಂಡದ್ದು ಯಂತ್ರವನ್ನೇ ನಿಲ್ಲಿಸಿತು. ಕೊನೆಗೆ ಒಗ್ಗಿದ್ದು ಜೀನಿ ಎಂಬ ಪುಟ್ಟ ಎಡಿಟರ್. ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಲಿನಕ್ಸಿನ ಜೊತೆಗೇ ಬಂದಿತ್ತು. ಟರ್ಮಿನಲ್‌ನ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದುದರಿಂದ, ಪಟ್ಟಿ ಬ್ರೌಸರಿನಲ್ಲಿ ತೆರೆಯುವಂತೆ ಬರೆದರು.

ಗುರುವಾರ ಸಂಜೆ ಪಟ್ಟಿಯನ್ನು ಅತ್ತೆಗೆ ಓದಿ ಹೇಳಿದರು. ನಲವತ್ಮೂರು ಹೆಸರು.

"ಖತೀಜಾ ಬೇಗಂ ಎಲ್ಲಿ?"

"ಹೈದರಾಬಾದಿಗಿ ಹೋಗ್ಯಾರಲ್ರಿ ಅತ್ತಿ. ಬೀಗ ಹಾಕಿದ ಹತ್ತೊಂಬತ್ತ ಮನಿ ಅಳಿಸೀನಿ."

"ಅವರು ದುಡಿಲಾಕ ಹೋಗ್ಯಾರ, ಓಣಿ ಬಿಟ್ಟ ಹೋಗಿಲ್ಲ. ನಡಿ, ಕೊಡದ ಸಾಲ ನೋಡು."

ಮರುದಿನಕ್ಕೆಂದು ಜೋಡಿಸಿಟ್ಟ ಸಾಲಿನಲ್ಲಿ ಅಲ್ಲಲ್ಲಿ ಕೊಡಗಳು ಬೋರಲಾಗಿದ್ದವು. ಊರು ಬಿಟ್ಟವರ ಕೊಡವನ್ನು ನೆರೆಯವರು ಹೀಗೆ ಮಗುಚಿಡುತ್ತಿದ್ದರು. ಅದನ್ನು ದಾಟಿ ಮುಂದಿನವರು ನೀರು ಹಿಡಿಯಬೇಕು. ಮನೆಯವರು ಮರಳಿದ ದಿನ ಕೊಡ ಅದೇ ಜಾಗದಲ್ಲಿ ನೆಟ್ಟಗಾಗುತ್ತದೆ. ಓಣಿಗೆ ಬಂದ ಹೊಸಬರು ಈ ಕೊಡಗಳನ್ನು ಪಕ್ಕಕ್ಕೆ ಸರಿಸಿದ್ದೇ ಜಗಳದ ಮೂಲ. ಬೆಳಿಗ್ಗೆಯೇ ಭಾಲ್ಕಿಯ ಬಸ್ಸು ಹಿಡಿಯುವ ಮೀರಾಬಾಯಿಗೆ ಇದು ಗೊತ್ತಿರಲಿಲ್ಲ. ಅವರ ಪ್ರೋಗ್ರಾಂ ಅದೇ ತಪ್ಪನ್ನು ಅಚ್ಚು ಹಾಕಿ ಕೊಡುತ್ತಿತ್ತು.

ಮನೆಗೆ ಬಂದು ಹತ್ತೊಂಬತ್ತೂ ಹೆಸರನ್ನು ಹಳೆಯ ಜಾಗದಲ್ಲಿ ಸೇರಿಸಿ, 'ಬೋರಲು' ಎಂಬ ಹೊಸ ಕಾಲಂ ಇಟ್ಟರು.

"ಹೆಸರ ಹ್ಯಾಂಗ ಬೋರಲ ಹಾಕ್ತಿ?"

"ಬೂದಿ ಬಣ್ಣದಾಗ ಬರ್ತಾವ್ರಿ."

"ಬೂದಿ ಯಾಕ? ಜೀವಂತ ಅದಾರ ಮಂದಿ! ಹಸರ ಹಾಕು."

ಹಸಿರು ಹಾಕಿದರು.

ಶುಕ್ರವಾರ ಅಯ್ಯುಬ ಬಣ್ಣದಲ್ಲಿ ಅಚ್ಚಾದ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೂಗಿದರು. ಹಸಿರು ಹೆಸರು ಬಂದಾಗ "ಸಲಾಂ" ಎಂದು ಮುಂದಕ್ಕೆ ಹೋದರು. ಸಾಲು ನಕ್ಕಿತು. ಟ್ಯಾಂಕರ್ ಓಣಿಯಲ್ಲೇ ಖಾಲಿಯಾಯಿತು.

ಭಾನುವಾರ ಖತೀಜಾ ಬೇಗಂ ಹೈದರಾಬಾದಿನಿಂದ ಮರಳಿದರು. ಸೋಮವಾರ ತಮ್ಮ ಹಳೆಯ ಜಾಗದಲ್ಲೇ, ಹದಿನಾಲ್ಕನೆಯವರಾಗಿ ನೀರು ಹಿಡಿದರು.