ಮಾಗಡಿಯ ಅರವಟ್ಟಿಗೆ ಮಂಟಪ ಪಟ್ಟಿ ಸೇರಿದ್ದು

ಮಾರ್ಚ್ ಕೊನೆಯ ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆ. ಚೀಲದಲ್ಲಿ ಎರಡು ಸೀರೆ, ಅಳತೆಯ ಟೇಪು, ಡ್ರಾಯಿಂಗ್ ಹಾಳೆಗಳ ಸುರುಳಿ, ಒಂದು ಡಬ್ಬಿ ಪುಳಿಯೋಗರೆ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದ ಮೇಲೆ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಹವ್ಯಾಸ ಹತ್ತಿಕೊಂಡಿದೆ. ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ ಈಗ ಮಾಗಡಿ ಪುರಸಭೆಯಲ್ಲಿ ಎಂಜಿನಿಯರ್. ಊರಿನಲ್ಲಿ ಉಳಿಸಬೇಕಾದ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಒಂದು ಮಂಟಪದ ನಕ್ಷೆ ತುರ್ತಾಗಿ ಬೇಕು, ಬುಧವಾರವೇ ಸಭೆ ಎಂದು ಫೋನು ಮಾಡಿದ್ದಳು.

ಚನ್ನಪಟ್ಟಣದಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಾಗಡಿಗೆ ರೈಲಿಲ್ಲ, ಮುಂದೆಲ್ಲ ಬಸ್ಸೇ. ಇಷ್ಟು ದೂರ ಬಂದು ದೊಡ್ಡಮಳೂರಿಗೆ ಹೋಗದಿರುವುದು ಹೇಗೆಂದು ಆಟೋ ಹಿಡಿದೆ. ಅಪ್ರಮೇಯಸ್ವಾಮಿಯ ದರ್ಶನ ಮಾಡಿ, ಅಂಬೆಗಾಲು ಕೃಷ್ಣನ ಮುಂದೆ ತೊಟ್ಟಿಲು ಹರಕೆ ಹೊತ್ತು ನಿಂತ ದಂಪತಿಗಳನ್ನು ನೋಡಿ ಹೊರಗೆ ಬಂದೆ. ತುಳಸಿ ಮಾರುವ ಮುದುಕರೊಬ್ಬರು ಎಲ್ಲಿಗೆ ಪಯಣವೆಂದು ಕೇಳಿದರು. ಮಂಟಪದ ವಿಷಯ ಹೇಳಿದೆ. ಒಳಗೆ ದೇವರಿದ್ದಾನೋ ಎಂದರು. ಇಲ್ಲ, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುತ್ತಿದ್ದ ಅರವಟ್ಟಿಗೆ ಎಂದೆ.

"ದೇವ್ರಿರೋ ಕಲ್ಗೆ ಕಾಯೋರು ಸಿಕ್ತಾರೆ ಕಣವ್ವ. ಬರೀ ಕಲ್ಗೆ ಯಾರವ್ರೆ?" ಎಂದರು.

ರಾಮನಗರದಲ್ಲಿ ಬಸ್ಸು ಬದಲಿಸಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಉಚಿತ ಟಿಕೆಟ್ ಹರಿದು ಕೊಟ್ಟ. ಬಂಡೆಗುಡ್ಡಗಳು, ಕೊಯ್ಲಾದ ರಾಗಿ ಹೊಲಗಳು, ನಡುನಡುವೆ ತೆಂಗಿನ ತೋಟ. ಮಾಗಡಿಯಲ್ಲಿ ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಸವಿತಾಳ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಬೇಗ ಮಲಗಿದೆ.

ಮಂಗಳವಾರ ಬೆಳಿಗ್ಗೆ ಮಂಟಪ ನೋಡಿದೆ. ಊರ ಅಂಚಿನ ತಿರುವಿನಲ್ಲಿ, ಹನ್ನೆರಡು ಕಂಬದ ತಗ್ಗಾದ ಕಟ್ಟಡ. ರಸ್ತೆ ಬದಿಯ ಎರಡು ಕಂಬಗಳ ಮೇಲೆ ಕೆಂಪು ಬಣ್ಣದ ಗೀಟು. ರಸ್ತೆ ಅಗಲವಾದರೆ ಅಲ್ಲಿಯವರೆಗೆ ಒಡೆಯುತ್ತಾರಂತೆ. ಪಟ್ಟಿ ಸೇರಿಬಿಟ್ಟರೆ ಸಭೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕೀಳುವಂತಿಲ್ಲ ಎಂದು ಸವಿತಾ ವಿವರಿಸಿದಳು.

ಮಂಟಪದೊಳಗೆ ಒಂದು ಹೋಟೆಲಿತ್ತು. ಸೌದೆ ಒಲೆ, ಎರಡು ಬೆಂಚು, ಮುಂದಕ್ಕೆ ಚಾಚಿದ ತಗಡಿನ ಚಪ್ಪರ. ನಡೆಸುವವರು ಗೌರಮ್ಮ, ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಅತ್ತೆಯ ಕಾಲದಿಂದ ಅಲ್ಲೇ ಇಡ್ಲಿ, ಬಜ್ಜಿ, ಕಾಫಿ. ನಾನು ಟೇಪು ಬಿಚ್ಚಿದಾಗ ಇನ್ನೊಂದು ತುದಿಯನ್ನು ತಾವೇ ಹಿಡಿದುಕೊಂಡರು. ಮಧ್ಯಾಹ್ನದೊಳಗೆ ಅಳತೆ ಮುಗಿಯಿತು. ಚಾವಣಿಯ ಒಳಮೈಯೆಲ್ಲ ಒಲೆಯ ಮಸಿ. ಅಲ್ಲಿ ಏನೂ ಕಾಣದೆ ನಕ್ಷೆಯಲ್ಲಿ ಒಳಚಾವಣಿಯ ಚೌಕವನ್ನು ಖಾಲಿ ಬಿಟ್ಟೆ.

ಆಮೇಲೆ ಸವಿತಾ ತಂದಿದ್ದ ನಮೂನೆ ತುಂಬಲು ಕೂತೆವು. ಹೆಸರು, ಅಳತೆ, ಸ್ಥಿತಿ. ಒಂಬತ್ತನೆಯ ಕಾಲಂ: ಅತಿಕ್ರಮಣ ಇದೆಯೇ? ನನ್ನ ಪೆನ್ನು ಅಲ್ಲೇ ನಿಂತಿತು. ಇದೆ ಎಂದು ಬರೆದರೆ ಗೌರಮ್ಮನನ್ನು ಎಬ್ಬಿಸುತ್ತಾರೆ. ಖಾಲಿ ಬಿಡೋಣವೇ ಎಂದು ಸವಿತಾಳನ್ನು ಮೆಲ್ಲಗೆ ಕೇಳಿದೆ. ಬಿಟ್ಟರೆ ಕಡತ ವಾಪಸು ಬರುತ್ತದೆ, ಅಷ್ಟರಲ್ಲಿ ಕಂಬ ಉಳಿಯುವುದಿಲ್ಲ ಎಂದಳು. ಬೆಳಿಗ್ಗೆಯಿಂದ ಟೇಪು ಹಿಡಿದು ನಿಂತ ಹೆಂಗಸಿಗೆ ಗೊತ್ತಾಗದಂತೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಕರೆದು ಎಲ್ಲವನ್ನೂ ಹೇಳಿದೆ.

ಗೌರಮ್ಮ ಹಂಡೆಯ ನೀರಿನಲ್ಲಿ ಕೈ ತೊಳೆದು, "ಒಸಿ ಮೇಲಕ್ಕೆ ಬನ್ನಿ," ಎಂದು ಹಿಂಬದಿಗೆ ನಡೆದರು. ಏಣಿ ಹತ್ತಿ ನೋಡಿದೆ. ಚಾವಣಿಯ ಮೇಲೆ ಕಲ್ಲಿನ ಸಂದುಗಳಿಗೆಲ್ಲ ಗಾರೆ ಮೆತ್ತಿತ್ತು. ಅರಳಿ ಗಿಡವೊಂದೂ ಇರಲಿಲ್ಲ. ಹಳೆಯ ಮಂಟಪಗಳನ್ನು ಸೀಳುವುದೇ ಆ ಗಿಡ. ಇಲ್ಲಿ ಪ್ರತಿ ಮಳೆಗಾಲವೂ ಬೇರು ಕಿತ್ತು, ಸುಣ್ಣ ಅರೆದು ತುಂಬುತ್ತಿದ್ದವರು ಗೌರಮ್ಮ ಮತ್ತು ಅವರ ಗಂಡ. ಗಂಡ ತೀರಿಕೊಂಡ ಮೇಲೆ ಅವರೊಬ್ಬರೇ.

ಕೆಳಗಿಳಿದು ಒಂಬತ್ತನೆಯ ಕಾಲಮಿನಲ್ಲಿ 'ಇದೆ' ಎಂದೇ ಬರೆದೆ. ಬೇರೊಂದು ಹಾಳೆಯಲ್ಲಿ ಚಾವಣಿಯ ಪ್ರತಿ ಸಂದನ್ನೂ ಚಿತ್ರಿಸಿ, ಯಾರು ತುಂಬಿದ್ದೆಂದು ಬರೆದು ಲಗತ್ತಿಸಿದೆ. ಅಷ್ಟು ಸಾಲದೆಂದು ನನಗೇ ಅನಿಸುತ್ತಿತ್ತು. ನಾಳೆ ಸಭೆಗೆ ಬನ್ನಿ ಎಂದು ಅವರನ್ನು ಕೇಳಿಕೊಂಡೆ.

ಬುಧವಾರ ಸಭೆ ಹನ್ನೊಂದಕ್ಕೆಂದಿದ್ದು ಹನ್ನೆರಡಕ್ಕೆ ಶುರುವಾಯಿತು. ಹಳೆಯ ಬಾವಿ, ಕೋಟೆಯ ಗೋಡೆಯ ತುಂಡು ಚರ್ಚೆಯಿಲ್ಲದೆ ಪಟ್ಟಿ ಸೇರಿದವು. ಮಂಟಪ ಬಂದಾಗ ಗದ್ದಲವಾಯಿತು. ತಿರುವಿನಲ್ಲಿ ಲಾರಿಗಳು ಸಿಕ್ಕಿಕೊಳ್ಳುತ್ತವೆ ಎಂದರು ಒಬ್ಬರು. ಬಜ್ಜಿ ಅಂಗಡಿಯನ್ನು ಪಟ್ಟಿಗೆ ಸೇರಿಸುತ್ತೀರಾ ಎಂದು ಇನ್ನೊಬ್ಬರು ನಕ್ಕರು. ಸವಿತಾ ನನ್ನ ಚಾವಣಿ ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಅಧ್ಯಕ್ಷೆ ಅದನ್ನು ನೋಡಿ ಗೌರಮ್ಮನನ್ನು ಎದ್ದು ಮಾತಾಡಲು ಹೇಳಿದರು.

ಗೌರಮ್ಮ ಸೆರಗು ಹೊದ್ದು ನಿಂತರು. "ಹೊಗೆ ಹಿಡ್ಸಿದ್ದು ನಾನೇ, ಸುಳ್ಳು ಯಾಕೇಳ್ಲಿ. ಚಪ್ಪರ ಕಿತ್ತಾಕ್ತೀನಿ, ಒಲೆ ಈಚೆಗೆ ಇಕ್ಕೊತ್ತೀನಿ. ಪಕ್ಕದಲ್ಲಿ ಹೊಂಗೆಮರ ಐತೆ, ಅದ್ರಡೀಲಿ ಒಸಿ ಜಾಗ ಕೊಡಿ. ಕಂಬ ಒಡೀಬೇಡಿ. ನನ್ನ ದೂರ ಓಡುಸ್ಬುಟ್ರೆ ಮುಂದ್ಲ ಮಳೆಗೆ ಅರಳಿ ಗಿಡ ಯಾರ್ ಕೀಳ್ತಾರೆ, ಅದನ್ನೂ ಬರ್ಕೊಳಿ."

ನಕ್ಕಿದ್ದ ಸದಸ್ಯರೇ, ರಸ್ತೆಯನ್ನು ಎದುರು ಬದಿಯ ಖಾಲಿ ನಿವೇಶನದ ಕಡೆಗೆ ಅಗಲ ಮಾಡಬಹುದಲ್ಲ ಎಂದರು. ಕೈ ಎತ್ತಿದವರು ಹೆಚ್ಚು, ಎತ್ತದವರು ನಾಲ್ವರು. ಒಲೆ ಹೊಂಗೆಮರದಡಿಗೆ ಹೋಗಬೇಕೆಂಬ ಷರತ್ತಿನೊಂದಿಗೆ ಮಂಟಪ ಪಟ್ಟಿ ಸೇರಿತು. ನಮೂನೆಯ ಉಸ್ತುವಾರಿ ಕಾಲಮಿನಲ್ಲಿ ಗೌರಮ್ಮನ ಹೆಸರು ಬರೆಯಲು ನಿಯಮವಿದೆಯೇ ಎಂಬ ಪ್ರಶ್ನೆ ಮಾತ್ರ ಮುಂದಿನ ಸಭೆಗೆ ಹೋಯಿತು.

ಸಾಯಂಕಾಲ ಬೆಂಗಳೂರು ಬಸ್ಸು ಹತ್ತಿದೆ, ಅಲ್ಲಿಂದ ಮೈಸೂರು ರೈಲು ಹಿಡಿಯುವವಳು. ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ಬಸ್ಸು ನಿಂತಿತು. ತಗಡು ಆಗಲೇ ಕೆಳಗಿತ್ತು. ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿದ್ದರೂ ಉರಿ ಹಚ್ಚಿರಲಿಲ್ಲ. ಗೌರಮ್ಮ ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ ನಿಂತು, ಒದ್ದೆ ಬಟ್ಟೆಯಿಂದ ಚಾವಣಿ ಒರೆಸುತ್ತಿದ್ದರು. ಕಿಟಕಿಯಲ್ಲಿ ನನ್ನನ್ನು ಕಂಡವರೇ, "ಅವ್ವಾ, ಇಲ್ಲೊಂದು ಮೀನೈತೆ ನೋಡಿ," ಎಂದು ಕೂಗಿದರು.

ನೋಡಿದೆ. ಮಸಿ ಹೋದ ಅಂಗೈಯಗಲ ಜಾಗದಲ್ಲಿ, ಕಲ್ಲಿನ ಮೀನೊಂದು ಬಾಲ ಮಡಚಿ ಮಲಗಿತ್ತು. ಬಸ್ಸು ಹೊರಟಿತು. ಸುರುಳಿಯಿಂದ ನನ್ನ ಪ್ರತಿಯನ್ನು ಎಳೆದು ಮಡಿಲಲ್ಲಿ ಹರವಿ, ಖಾಲಿ ಚೌಕದಲ್ಲಿ ಮೀನನ್ನು ಬರೆದೆ. ಬಸ್ಸಿನ ಕುಲುಕಾಟಕ್ಕೆ ಬಾಲ ಸೊಟ್ಟಗಾಯಿತು. ಅಳಿಸಲಿಲ್ಲ.